ನನ್ನ ಬಾಯಿಗೆ ಬೀಳದ ಹುಡುಗಿ

ಬಾಯಿ ಜೋರಿರುವ ಹೆಂಗಸು ಮನೆಯಲ್ಲಿದ್ದರೆ ನಗುವುದಕ್ಕೆ ಬೇರೇನೂ ಬೇಕಿಲ್ಲ ಎಂದು ನನ್ನ ಗಂಡ ಹೇಳುತ್ತಿರುತ್ತಾರೆ. ಹೇಳಿ ಬೈಸಿಕೊಳ್ಳುತ್ತಾರೆ. ವಾರಕ್ಕೊಂದಾದರೂ ನಮ್ಮಲ್ಲಿ ಇಂಥದ್ದು ನಡೆದೇ ನಡೆಯುತ್ತದೆ. ಅಕ್ಕನ ಮಗಳು ಬಂದ ಮೇಲೆ ನಡೆದದ್ದನ್ನು ನೆನೆದರೆ ಮಾತ್ರ ನಗು ಅರ್ಧದಲ್ಲೇ ನಿಲ್ಲುತ್ತದೆ.

೧. ಜ್ವರ

ಅಕ್ಕ, ಭಾವ ಇಬ್ಬರೂ ಒಂದೇ ಅಪಘಾತದಲ್ಲಿ ಹೋದರು. ಅವರ ಏಳು ವರ್ಷದ ಮಗಳನ್ನು ಕೋಡಿಹಳ್ಳಿಯಿಂದ ಚನ್ನಪಟ್ಟಣಕ್ಕೆ, ನಮ್ಮ ಮನೆಗೆ ಕರೆದುಕೊಂಡು ಬಂದೆವು. ಪಕ್ಕದ ಮನೆಯ ಅಜ್ಜಿ ಅವತ್ತೇ ನನ್ನನ್ನು ಮೂಲೆಗೆ ಕರೆದು, "ತಬ್ಬಲಿ ಮಗು ಕಣವ್ವಾ, ನಿನ್ ನಾಲ್ಗೆ ಒಸಿ ಬಿಗಿ ಹಿಡ್ಕೊ" ಎಂದರು. ಹಿಡಿದೆ.

ಮೂರನೇ ದಿನ ಹುಡುಗಿಯ ಕೈಜಾರಿ ಪಾತ್ರೆಯ ಹಾಲೆಲ್ಲ ನೆಲಕ್ಕೆ ಬಿತ್ತು. ಪರವಾಗಿಲ್ಲ ಬಂಗಾರಿ, ಇನ್ನೊಂದು ಪಾಕೆಟ್ ತಂದರಾಯಿತು ಎಂದೆ. ಊಟಕ್ಕೆ ಕೂತಿದ್ದ ಗಂಡ ಎದ್ದು ಬಂದು ಎಡಗೈಯಲ್ಲಿ ನನ್ನ ಹಣೆ ಮುಟ್ಟಿ ನೋಡಿದರು.

೨. ಟೀವಿಯೊಳಗಿನ ಮನೆ

ಸಂಜೆ ಒಂದು ಕಾಮಿಡಿ ಸೀರಿಯಲ್ ಬರುತ್ತಿತ್ತು. ಅಪ್ಪ ಅಮ್ಮ ಇಲ್ಲದ ಹುಡುಗಿಯೊಬ್ಬಳು ನೆಂಟರ ಮನೆ ಸೇರುವ ಕಥೆ. ಆ ಮನೆಯ ಅತ್ತೆ ದಿನಾ ಅವಳಿಗೆ ಬೈಯುತ್ತಾಳೆ. ಬೈದಾಗಲೆಲ್ಲ ಕಣ್ಣಿಗೆ ಕಾಣದ ಜನ ಗೊಳ್ಳೆಂದು ನಗುತ್ತಾರೆ. ಮಗು ನೊಂದುಕೊಂಡೀತು ಎಂದು ಚಾನಲ್ ಬದಲಿಸಲು ಹೋದರೆ ಇವಳು ಬಿಡಲಿಲ್ಲ.

ಒಂದು ದಿನ ನನ್ನ ನಾಲ್ಕು ವರ್ಷದ ಮಗ ಚಡ್ಡಿ ತುಂಬ ಮಣ್ಣು ತುಂಬಿಕೊಂಡು ಬಂದಿದ್ದ. ಬೈಯುತ್ತಿದ್ದೆ. ನನ್ನ ಒಂದೊಂದು ಮಾತಿಗೂ ಬಾಗಿಲ ಹಿಂದಿನಿಂದ "ಹ್ಹಹ್ಹಹ್ಹಾ" ಎಂದು ಅಳತೆ ಮಾಡಿದಂಥ ನಗು. ಹೋಗಿ ನೋಡಿದರೆ ಇವಳು. ಮುಖದಲ್ಲಿ ನಗುವೇ ಇಲ್ಲ. ಯಾಕೆ ಹೀಗೆ ಮಾಡುತ್ತೀಯ ಎಂದು ಕೇಳಿದೆ.

"ಮನೆಯೋರು ಬೈಸ್ಕೊತಾರೆ ಚಿಕ್ಕಮ್ಮ, ಹೊರ್ಗಿನೋರು ನಗ್ತಾರೆ. ನೀನು ನಂಗೆ ಬೈಯಲ್ವಲ್ಲ."

ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು. ಆದರೂ ಈ ಲೆಕ್ಕ ಬಿಡಿಸಲು ನನಗೆ ಒಂದು ರಾತ್ರಿ ಬೇಕಾಯಿತು.

೩. ಅಭ್ಯಾಸ

ಮಾರನೇ ದಿನದಿಂದ ಬೈಯಲು ಕಾರಣ ಹುಡುಕಿದೆ. ಸಿಗಲಿಲ್ಲ. ತನ್ನ ತಟ್ಟೆ ತಾನೇ ತೊಳೆಯುತ್ತಾಳೆ, ಎಲ್ಲರ ಚಪ್ಪಲಿ ಜೋಡಿಸುತ್ತಾಳೆ, ನಾಳೆಯೇ ಊರಿಗೆ ಹೊರಡುವವಳ ಹಾಗೆ. ಕೊನೆಗೆ ಏನೂ ತೋಚದೆ, ಇಷ್ಟು ಚೆನ್ನಾಗಿ ಯಾಕೆ ಜಡೆ ಹಾಕಿಕೊಂಡಿದ್ದೀಯ ಎಂದು ಗದರಿದೆ. ಅವಳು ಅಯ್ಯೋ ಪಾಪ ಎನ್ನುವಂತೆ ನನ್ನನ್ನು ನೋಡಿ, "ಬುಡು ಚಿಕ್ಕಮ್ಮ, ಬೈಯಕ್ ಬರ್ದಿದ್ರೆ ಬ್ಯಾಡ" ಎಂದು ಸಮಾಧಾನ ಮಾಡಿದಳು.

೪. ಆಯುಧಪೂಜೆ

ಬೊಂಬೆ ಕಾರ್ಖಾನೆಯಿಂದ ಗಂಡ ಮರದ ಪುಟ್ಟ ಗಾಡಿಗಳನ್ನು ತರುತ್ತಾರೆ. ಮನೆಯಲ್ಲಿ ಕೂತು ಅವಕ್ಕೆ ಚಕ್ರ ಅಂಟಿಸುವುದು ನನ್ನ ಕೆಲಸ. ಆಯುಧಪೂಜೆಯ ಬೆಳಿಗ್ಗೆ ಬೀದಿಯವರೆಲ್ಲ ಬೈಕು, ಆಟೋ ತೊಳೆಯುತ್ತಿದ್ದರು. ನಾನು ಹೂ ತರುವಷ್ಟರಲ್ಲಿ ಇವಳು, ಅಂಟು ಒಣಗಲೆಂದು ಇಟ್ಟಿದ್ದ ಗಾಡಿಗಳನ್ನೆಲ್ಲ ಬಕೆಟ್ಟಿಗೆ ಹಾಕಿ ಸೋಪು ಹಚ್ಚಿ ತೊಳೆದಿದ್ದಳು. ಪೂಜೆಗೆ ಗಾಡಿ ತೊಳೆಯಬೇಕಲ್ಲವಾ ಎಂದಳು. ಚಕ್ರಗಳೆಲ್ಲ ನೀರಿನ ಮೇಲೆ ತೇಲುತ್ತಿದ್ದವು.

"ಕತ್ತೆ ಕಣೇ ನೀನು. ಎರಡ್ ದಿನ ಬೆನ್ನು ಮುರ್ಕೊಂಡ್ ಅಂಟ್ಸಿದ್ದು ಕಾಣ್ಲಿಲ್ವಾ? ತಲೇಲಿ ಏನ್ ಹೊಟ್ಟು ತುಂಬೈತಾ? ನಿಮ್ಮವ್ವನೂ ಹಿಂಗೇ, ಒಂದ್ ಕೆಲ್ಸ ನೆಟ್ಗೆ ಮಾಡ್ತಿರ್ಲಿಲ್ಲ."

ಅಕ್ಕನ ಮಾತು ಬಾಯಿಂದ ಹೊರಬಿದ್ದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಓಡಿ ಬಂದು, ತಬ್ಬಲಿ ಮಗುವಿಗೆ ಹೀಗಾ ಬೈಯುವುದು ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು.

ಹುಡುಗಿ ನೊರೆ ಮೆತ್ತಿದ ಕೈಗಳನ್ನು ಸೊಂಟಕ್ಕಿಟ್ಟುಕೊಂಡು ನಮ್ಮಿಬ್ಬರ ನಡುವೆ ಬಂದು ನಿಂತಳು.

"ಅದು ನಮ್ಮನೆ ವಿಷ್ಯ ಅಜ್ಜಿ. ನಿಂಗ್ಯಾಕೆ?"

ಅಜ್ಜಿ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇದ್ಕೂ ನಿನ್ ಬಾಯೇ ಬಂದೈತೆ ಬುಡು" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟರು.