ಈಜುಗನ್ನಡಕದ ಎಂಜಲು

ಎಂಜಲಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಈಗಷ್ಟೇ ಫೋನಿನಲ್ಲಿ ಅಕ್ಷರ ಒತ್ತುವುದು ಕಲಿತಿದ್ದೇನೆ. ‘ಎಂಜಲು’ ಎಂದು ಒತ್ತಿದರೆ ಅದು ‘ಏಂಜಲ್’ ಎನ್ನುತ್ತದೆ. ಅದಕ್ಕೇನು ಗೊತ್ತು ನಮ್ಮ ಮಡಿ! ಇಂಥ ನನ್ನೆದುರಿಗೇ ಮೊಮ್ಮಗಳು ಶ್ರಾವಣಿ ಈಜುವ ಗಾಗಲ್ಸಿನೊಳಗೆ ತುಪುಕ್ಕನೆ ಉಗುಳಿ, ಬೆರಳಿನಿಂದ ಸವರಿದಳು. “ಮಂಜು ಕಟ್ಟಬಾರ್ದು ಅಂತ ಅಜ್ಜಿ, ಎಲ್ಲಾರೂ ಹಿಂಗೇ ಮಾಡ್ತಾರೆ” ಎಂದಳು. ಅವಳು ಶಾಲೆಗೆ ಹೋದದ್ದೇ ತಡ, ತೆಂಗಿನ ನಾರಿಗೆ ಪಾತ್ರೆ ಪುಡಿ ಹಚ್ಚಿ ಅದನ್ನು ಗಸಗಸ ತಿಕ್ಕಿದೆ. ಕಣ್ಣಿಗೆ ಪೊರೆ ಬಂದಂತೆ ಗಾಗಲ್ಸೆಲ್ಲ ಮಬ್ಬಾಯಿತು. ಮರುದಿನವೇ ದಾವಣಗೆರೆಯಲ್ಲಿ ಜಿಲ್ಲಾ ಈಜು ತಂಡದ ಆಯ್ಕೆ! ಶಾಲೆಯಿಂದ ಬಂದು ನೋಡಿದ ಹುಡುಗಿ ಅಳುವುದೊಂದು ಬಾಕಿ.

ಸಂಜೆ ಹರಿಹರದಿಂದ ಬಸ್ ಹತ್ತಿ ದಾವಣಗೆರೆಯ ಆಟದ ಸಾಮಾನಿನ ಅಂಗಡಿಗೆ ಹೋದೆವು. “ದೊಡ್ಡದು ತಗಳೇ, ಮುಂದಕ್ಕೂ ಆಗ್ತೈತೆ” ಎಂದೆ. ಅಂಗಡಿಯವರು ನಕ್ಕರು. “ಇದು ಲಂಗ ಅಲ್ರಿ ಅಮ್ಮಾ. ಪಟ್ಟಿ ಹಾಕಬ್ಯಾಡ್ರಿ, ಹಂಗೇ ಕಣ್ಣಿಗೆ ಒತ್ರಿ. ಹಿಡ್ಕಂಡು ನಿಂತ್ರೆ ನಿಮ್ದು, ಬಿದ್ರೆ ನಮ್ದು.” ಶ್ರಾವಣಿ ಒತ್ತಿಕೊಂಡವೆಲ್ಲ ಬಿದ್ದವು. ನಮ್ಮ ಮನೆತನದ ಮೂಗು ಅಂಥದ್ದು, ನಡುವೆ ಒಂದು ದಿಬ್ಬ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೂ ಅವಲಕ್ಕಿ ತಿನ್ನುತ್ತ ಅದನ್ನೇ ನೋಡಿದ್ದರು. ಕೊನೆಗೆ ಅಂಗಡಿಯವರು ಮೂಗಿನ ಮೇಲೆ ಕೂರುವ ತುಂಡನ್ನೇ ಬದಲಿಸಿಕೊಟ್ಟರು. “ಹಿಡೀತು ಅಜ್ಜಿ!” ಎಂದು ಶ್ರಾವಣಿ ಕುಣಿದಳು. ನೋಡೋಣವೆಂದು ನಾನೂ ಒಂದನ್ನು ಒತ್ತಿಕೊಂಡೆ. ಅದು ನನ್ನನ್ನು ಬಿಡಲೊಲ್ಲದು! ಕಿತ್ತಾಗ ಕಣ್ಣ ಸುತ್ತ ಎರಡು ಕೆಂಪು ಬಳೆ. “ಯಾಕಮ್ಮಾ, ಯಾರ ಜತಿಗೆ ಗುದ್ದಾಡಿದ್ರಿ?” ಎಂದ ವಾಪಸು ಬರುವ ಬಸ್ಸಿನ ಕಂಡಕ್ಟರ್.

ಮರುದಿನ ಕೊಳದ ದಂಡೆಯಲ್ಲಿ ಶ್ರಾವಣಿ ಗಾಬರಿಯಿಂದ ಗಾಗಲ್ಸನ್ನು ಹಾಕಿದಳು, ತೆಗೆದಳು, ಒಳಗೆಲ್ಲ ಟವೆಲ್ಲಿನಿಂದ ಒರೆಸಿ ಒರೆಸಿ ಮಂಜು ಮಾಡಿಕೊಂಡಳು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ನನ್ನ ಬಳಿ ಓಡಿಬಂದಳು.

“ಅಜ್ಜಿ, ಬಾಯಿ ಒಣಗೈತೆ, ಉಗುಳೇ ಬರ್ತಿಲ್ಲ. ನೀನೇ ಉಗುಳು!”

“ನಾನೇನೇ?”

“ಬೇಗ ಅಜ್ಜಿ!”

ಸುತ್ತ ನೋಡಿದೆ. ಬೀಗರ ಪೈಕಿ ಯಾರೂ ಇರಲಿಲ್ಲ. ತುಪುಕ್! ಅವಳು ಸವರಿ, ನೀರಲ್ಲಿ ಅದ್ದಿ, ಏರಿಸಿಕೊಂಡು ಓಡಿದಳು. ಎರಡನೆಯವಳಾಗಿ ಗೋಡೆ ಮುಟ್ಟಿದಳು, ತಂಡಕ್ಕೂ ಸೇರಿದಳು. ಅಷ್ಟಕ್ಕೇ ಸುಮ್ಮನಿರಬಾರದೇ? “ನಮ್ಮಜ್ಜಿ ಉಗುಳಿದ್ದಕ್ಕೆ ನೀರಿನ ತಳದ ಗೆರೆ ಫಳಫಳ ಕಾಣ್ತಿತ್ತು” ಎಂದು ದಂಡೆಯ ತುಂಬ ಸಾರಿದಳು. ಮುಂದಿನ ಸ್ಪರ್ಧೆಯ ಇಬ್ಬರು ಹುಡುಗಿಯರು, ತೀರ್ಥಕ್ಕೆ ಕೈಯೊಡ್ಡಿದಂತೆ, ಗಾಗಲ್ಸ್ ಹಿಡಿದು ನನ್ನೆದುರು ನಿಂತರು.

“ಎಂಜಲು ಕಣ್ರೇ!” ಎಂದೆ.

“ಇರ್ಲಿ ಬಿಡ್ರಿ ಅಜ್ಜಿ, ಸ್ವಲ್ಪ ಜಾಸ್ತಿನೇ ಹಾಕ್ರಿ.”

ಮಕ್ಕಳ ಮುಖ ನೋಡಿ ಮನಸ್ಸು ಕರಗಿತು. ಒಂದು ಗುಟುಕು ನೀರು ಕುಡಿದು, ಸೆರಗು ಸರಿಮಾಡಿಕೊಂಡು, ಸಿದ್ಧಳಾದೆ.