ಬೀಗರ ನಾಣ್ಯಕ್ಕೆ ಗ್ರೇಸ್ ಮಾರ್ಕ್ಸ್

"ನಾಣ್ಯ ನೋಡೋಕೆ ಭೂತಗನ್ನಡಿ ಬೇಕಾಗೋದು ಕಣ್ಣಿಲ್ಲದೋರಿಗೆ! ನಾನು ಕೈಯಲ್ಲಿ ಹಿಡಿದ್ರೆ ಸಾಕು, ಅದರ ಜಾತಕಾನೇ ಹೇಳಿಬಿಡ್ತೀನಿ!" ಎಂದು ಇತಿಹಾಸದ ಮೇಷ್ಟ್ರು ಬೀಗರ ಮುಂದೆ ಎದೆ ತಟ್ಟಿಕೊಂಡರು.

ಈ ವಿದ್ಯೆ ಅವರಿಗೆ ಎಲ್ಲಿಂದ ಬಂತು ಎಂದರೆ, ಹೋದ ವಾರ ಹಳೇ ಪುಸ್ತಕದ ಅಂಗಡಿಯಿಂದ ಒಂದು ಕೈಪಿಡಿ ತಂದಿದ್ದರು. ಮುನ್ನುಡಿ ಪೂರ್ತಿ ಓದಿದ್ದರು. ಮೊದಲನೇ ಅಧ್ಯಾಯವನ್ನು ಮುಖದ ಮೇಲೆ ಹಾಕಿಕೊಂಡು ಗೊರಕೆ ಹೊಡೆದಿದ್ದರು. ಪಂಡಿತರಾಗಲು ಇನ್ನೇನು ಬೇಕು!

ಬೀಗರು ಎಂದರೆ ಮಗಳ ಮಾವ. ಮಾತು ಕಮ್ಮಿ, ಬಿಗುಮಾನ ಜಾಸ್ತಿ. ಹತ್ತಿಯಲ್ಲಿ ಸುತ್ತಿದ್ದ ಒಂದು ಬೆಳ್ಳಿ ನಾಣ್ಯವನ್ನು ತೆಗೆದು ಮೇಜಿನ ಮೇಲಿಟ್ಟರು. ಕರ್ರಗಿತ್ತು, ಅಂಚು ಮುಕ್ಕಾಗಿತ್ತು, ಒಂದು ಕಡೆ ಸೊಟ್ಟಗೂ ಇತ್ತು.

"ನಮ್ಮ ತಾತಂದು. ಒಬ್ಬರು ಫೋಟೋ ನೋಡಿ ಒಪ್ಪಿದಾರೆ, ನಾಳೆ ತಗೊಳ್ಳೋಕೆ ಬರ್ತಾರೆ. ಎಷ್ಟು ಕೇಳಬಹುದು, ಸ್ವಲ್ಪ ನೋಡಿ ಹೇಳಿ. ಬ್ಯಾಂಕಲ್ಲಿ ಕೆಲಸ ಇದೆ, ಸಂಜೆ ಬರ್ತೀನಿ," ಎಂದು ಹೇಳಿ ಹೊರಟರು.

ಬೀಗರು ಗೇಟು ದಾಟುವ ಮೊದಲೇ ಮೇಷ್ಟ್ರ ಕೆಂಪು ಪೆನ್ನು ಹೊರಗೆ ಬಂತು. ಬಣ್ಣಕ್ಕೆ ಸೊನ್ನೆ, ಅಂಚಿಗೆ ಸೊನ್ನೆ, ರಾಜನ ಮುಖಕ್ಕೆ ಏನೋ ನಾಲ್ಕಂಕ.

"ಫೇಲು!" ಎಂದು ಗುಡುಗಿದರು.

"ಯಾರು?" ಅಡುಗೆಮನೆಯಿಂದ ಹೆಂಡತಿ ಕೇಳಿದರು.

"ಬೀಗರ ನಾಣ್ಯ!"

"ಫೇಲಾದ್ರೆ ಆಗ್ಲಿ, ನೀವು ಅದರ ತಂಟೆಗೆ ಹೋಗಬೇಡಿ. ಮಗಳು ಆ ಮನೇಲಿ ಬಾಳಬೇಕು!"

ಒಳ್ಳೆಯ ಮಾತು. ಆದರೆ ಒಳ್ಳೆಯ ಮಾತು ಕೇಳುವ ಅಭ್ಯಾಸ ಮೇಷ್ಟ್ರಿಗೆ ಯಾವಾಗಿತ್ತು? ಅಲ್ಲದೆ ಸರ್ವೀಸಿನುದ್ದಕ್ಕೂ ಅವರು ಯಾರನ್ನೂ ಫೇಲು ಮಾಡಿದವರಲ್ಲ. ಕರುಣೆಯಿಂದಲ್ಲ, ಹೆಡ್ಮಾಸ್ಟರು ಕಾರಣ ಕೇಳುತ್ತಾರೆಂಬ ಭಯದಿಂದ! ಅಲ್ಲೊಂದು ಇಲ್ಲೊಂದು ಅಂಕ ತುರುಕಿ, ಉತ್ತರದ ಕಾಗುಣಿತ ತಾವೇ ತಿದ್ದಿ, ಎಂಥ ಶತದಡ್ಡನನ್ನೂ ದಡ ಸೇರಿಸುತ್ತಿದ್ದರು. ಬೀಗರ ನಾಣ್ಯವನ್ನು ಹೇಗೆ ಕೈಬಿಟ್ಟಾರು? ಅದನ್ನು ಪಾಸು ಮಾಡಿಯೇ ತೀರಬೇಕೆಂದು ಪಣ ತೊಟ್ಟರು.

ಮೊದಲು ನಿಂಬೆಹಣ್ಣು ಉಜ್ಜಿದರು. ನಾಣ್ಯ ಜಪ್ಪಯ್ಯ ಅನ್ನಲಿಲ್ಲ. ಟೂತ್‌ಪೇಸ್ಟ್ ಹಚ್ಚಿದರು. ರಾಜನ ಬಾಯಿಂದ ಪುದೀನ ವಾಸನೆ ಬಂತೇ ಹೊರತು ಕಪ್ಪು ಹೋಗಲಿಲ್ಲ. ಕೊನೆಗೆ ಪಾತ್ರೆ ತಿಕ್ಕುವ ಸ್ಟೀಲ್ ಬ್ರಷ್ಷೇ ಬಂತು. ಕಪ್ಪೂ ಹೋಯಿತು, ಅದರ ಜೊತೆಗೆ ರಾಜನ ತಲೆಗೂದಲೂ ಹೋಯಿತು!

ಇನ್ನು ಸೊಟ್ಟ. ಬಚ್ಚಲ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಂದು ಬಿಟ್ಟರು. ಸೊಟ್ಟ ನೆಟ್ಟಗಾಯಿತು, ಮೂಗು ಚಪ್ಪಟೆಯಾಯಿತು. ಮೂಗಿಗೆ ಗಲ್ಲ ಹೊಂದಲಿ ಎಂದು ಅಲ್ಲಿಗೂ ಒಂದು ಕೊಟ್ಟರು. ಆಮೇಲೆ ಅರ ತಗೊಂಡು ಮುಕ್ಕಾದ ಅಂಚನ್ನು ಸುತ್ತಲೂ ಉಜ್ಜಿ ಉಜ್ಜಿ ದುಂಡಗೆ ಮಾಡಿದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಆದರೂ ಅವರ ಮುಖದಲ್ಲಿ ಎಂಥ ಕಳೆ ಅಂತೀರಿ!

"ಏನ್ರೀ ಅದು ಬಚ್ಚಲಲ್ಲಿ ಸದ್ದು?"

"ಮೌಲ್ಯಮಾಪನ!"

ಸಂಜೆ ಬೀಗರು ಬಂದು ಹತ್ತಿ ಬಿಚ್ಚಿದರು. ನಾಣ್ಯ ಫಳಫಳ ಹೊಳೆಯಿತು. ಬೀಗರು ಹೊಳೆಯಲಿಲ್ಲ. ಮೊಬೈಲಿನಲ್ಲಿದ್ದ ಫೋಟೋ ನೋಡಿದರು, ನಾಣ್ಯ ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ನಮ್ಮ ನಾಣ್ಯ ಅಲ್ಲ."

"ನಿಮ್ಮದೇ! ಈಗ ನೋಡಿ, ಫಸ್ಟ್ ಕ್ಲಾಸು!"

"ಆ ಕಪ್ಪು ಇದ್ದಿದ್ದಕ್ಕೇ ಅವರು ಒಪ್ಪಿದ್ದು, ಮೇಷ್ಟ್ರೇ. ಅದೆಲ್ಲಿ? ಮುಕ್ಕೆಲ್ಲಿ? ಇದು ಅಗಲದಲ್ಲೂ ಚಿಕ್ಕದು. ನಮ್ಮದನ್ನ ಬಚ್ಚಿಟ್ಟು ಯಾವುದೋ ಬಿಲ್ಲೆ ಕೊಡ್ತಿದೀರಿ! ಇಂಥ ಮನೆಯಿಂದ ಹೆಣ್ಣು ತಂದ್ವಲ್ಲ ನಾವು!"

ಮೇಷ್ಟ್ರಿಗೆ ಉಳಿದದ್ದು ಎರಡೇ ದಾರಿ. ದಡ್ಡ ಎಂದು ಒಪ್ಪಿಕೊಳ್ಳಬೇಕು, ಇಲ್ಲವೇ ಕಳ್ಳ ಅನ್ನಿಸಿಕೊಳ್ಳಬೇಕು. ಮಗಳ ಬಾಳು ಆ ಒಂದು ಮಾತಿನ ಮೇಲೆ ನಿಂತಿದೆ, ಈ ಮಹಾನುಭಾವರು ಯೋಚನೆ ಮಾಡುತ್ತಾ ಕೂತರು! ಕಳ್ಳನಿಗಾದರೆ ಜಾಣ ಎಂಬ ಹೆಸರಾದರೂ ಇರುತ್ತದಲ್ಲ ಎಂಬುದು ಅವರ ಲೆಕ್ಕಾಚಾರ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಈಚೆಗೆ ಬಂದರು.

"ಬೀಗರೇ, ಇವರನ್ನ ಏನು ಬೇಕಾದ್ರೂ ಅನ್ನಿ, ಕಳ್ಳ ಮಾತ್ರ ಅನ್ನಬೇಡಿ. ಕದಿಯೋಕೆ ಮೊದಲು ಅದಕ್ಕೆ ಬೆಲೆ ಇದೆ ಅಂತ ಗೊತ್ತಾಗಬೇಕು. ಅಷ್ಟು ಬುದ್ಧಿ ಇವರಿಗೆ ಯಾವತ್ತೂ ಇರಲಿಲ್ಲ. ನಿಮ್ಮ ನಾಣ್ಯ ಇದೇ. ಇವರೇ ತಿಕ್ಕಿ, ಕುಟ್ಟಿ, ಹಾಳು ಮಾಡಿದಾರೆ."

ಬೀಗರು ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವರ ಸಿಟ್ಟು ಸರ್ರನೆ ಇಳಿಯಿತು.

"ಸರಿ ಬಿಡಿ ತಾಯಿ, ನಂಬಿದೆ. ನಮ್ಮ ಸೊಸೆ ನಿಮ್ಮನ್ನೇ ಹೋಲ್ತಾಳೆ, ನಮ್ಮ ಪುಣ್ಯ," ಎಂದು ನಾಣ್ಯವನ್ನು ಜೇಬಿಗಿಳಿಸಿದರು.

ಮಾನ ಉಳಿಯಿತು, ಮಗಳ ಸಂಸಾರ ಉಳಿಯಿತು. ಬಾಯಿ ಮುಚ್ಚಿಕೊಂಡಿರಬಾರದೇ? ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಅಲ್ಲಾ ಬೀಗರೇ, ಅವಳು ಹೇಳಿದ ತಕ್ಷಣ ನಂಬಿಬಿಟ್ರಾ? ಒಂದು ಸಾಕ್ಷಿನಾದ್ರೂ ಕೇಳಬಾರದಿತ್ತಾ?"

"ಯಾಕೆ ಕೇಳಲಿ?" ಎಂದರು ಬೀಗರು ಚಪ್ಪಲಿ ಮೆಟ್ಟುತ್ತಾ. "ಎದುರಿಗೇ ಕೂತಿದೆಯಲ್ಲ!"