ನನ್ನ ಮಂಡಿಯೂ ಅತ್ತೆಯ ಹೆಪ್ಪೂ

"ಮಂಡಿ ಸವೆದಿದೆ. ತೂಕ ಇಳಿಸಿ, ದಿನಾ ನಡೀರಿ" ಎಂದು ಡಾಕ್ಟರು ಹೇಳಿದ ದಿನವೇ, ಒಂದು ಹೆಜ್ಜೆಯೂ ನಡೆಯದೆ ಮಂಡಿ ವಾಸಿಮಾಡಿಕೊಂಡು ತೋರಿಸುತ್ತೇನೆಂದು ಶಪಥ ಮಾಡಿದೆ. ಹಳೇಬೀಡಿನವನ ಶಪಥ, ಕಲ್ಲಿನಲ್ಲಿ ಕೆತ್ತಿದ್ದು!

ಬೇಲೂರಿನ ಆಫೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಷಡಕ್ಷರಪ್ಪ ದಾರಿ ತೋರಿಸಿದ. "ಹೊಟ್ಟೇಲಿ ಒಳ್ಳೆ ಬ್ಯಾಕ್ಟೀರಿಯಾ ಹೆಚ್ಚಾದ್ರೆ ಮಂಡಿ ಊತ ಇಳಿಯುತ್ತಂತೆ ಕಣಯ್ಯ. ಕ್ಯಾಪ್ಸೂಲೇ ಸಿಗುತ್ತೆ."

ಒಂದೊಂದೇ ನುಂಗುವುದು ದಡ್ಡರ ಕೆಲಸ. ಹೆಪ್ಪಿಗೆ ಬೆರೆಸಿದರೆ ಅವು ತಾವೇ ಮರಿ ಹಾಕುವುದಿಲ್ಲವೇ? ಹೆಂಡತಿ ಮೀನಾಕ್ಷಿ ಸಂತೆಗೆ ಹೋದಾಗ ಎರಡು ಕ್ಯಾಪ್ಸೂಲ್ ಬಿಚ್ಚಿ ಹೆಪ್ಪಿನ ಬಟ್ಟಲಿಗೆ ಸುರಿದೆ. ಮಾಗಿಯ ಚಳಿ, ಪಾಪ, ನಡುಗಿಯಾವೆಂದು ಬಟ್ಟಲನ್ನು ಬಚ್ಚಲ ಹಂಡೆಯ ಮುಚ್ಚಳದ ಮೇಲಿಟ್ಟು, ಒಲೆಗೆ ಇನ್ನೆರಡು ತೆಂಗಿನ ಮಟ್ಟೆ ತುರುಕಿದೆ. ಬ್ಯಾಕ್ಟೀರಿಯಾಗಳ ಬಾಣಂತನ ಸಾಂಗವಾಗಿ ಶುರುವಾಯಿತು.

ಮೀನಾಕ್ಷಿ ಬರುವಷ್ಟರಲ್ಲಿ ಹೆಪ್ಪು ಬೆಂದು, ನೀರೇ ಬೇರೆ ಗಂಟೇ ಬೇರೆ ಆಗಿತ್ತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಬಟ್ಟಲು ಹಿಡಿದು ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟಳು.

"ನನ್ನ ಈ ಮನೆಗೆ ಕಳಿಸೋವಾಗ ಅಮ್ಮ ಕೊಟ್ಟ ಹೆಪ್ಪು ಕಣ್ರೀ. ಇಪ್ಪತ್ತೆರಡು ವರ್ಷ ಒಂದು ದಿನಾನೂ ತಪ್ಪಿಸಿರಲಿಲ್ಲ."

"ನಿನ್ನ ತವರಿಗೆ, ಮಾದಿಹಳ್ಳಿಗೆ ಹೋಗಿ ತಂದರಾಯ್ತು ಬಿಡೇ."

"ಅಮ್ಮ ಹೋಗಿ ನಾಲ್ಕು ವರ್ಷ ಆಯ್ತು. ಆ ಮನೇಲಿ ಈಗ ಹಸುನೂ ಇಲ್ಲ, ಹೆಪ್ಪೂ ಇಲ್ಲ."

ಆಗ ಹೊಳೆಯಿತು: ಊರವರೆಲ್ಲ ಹೆಪ್ಪು ಕೇಳಿಕೊಂಡು ಬರುತ್ತಿದ್ದುದು ಇವಳ ಹತ್ತಿರವೇ ಅಲ್ಲವೇ? ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುವುದಿಲ್ಲ, ಬಿಸಿಲು ಆಗಲೇ ಇಳಿದಿತ್ತು. ಲೋಟ ಹಿಡಿದು ಕುಂಟುತ್ತ ಓಡಿದೆ. ಮೊದಲ ಮನೆಯವರು ಪ್ಯಾಕೆಟ್ ಮೊಸರಿಗೆ ಬದಲಾಗಿದ್ದರು. ಎರಡನೆಯ ಮನೆಯ ಹೆಪ್ಪನ್ನು ಹಿಂದಿನ ದಿನ ಬೆಕ್ಕು ಕುಡಿದಿತ್ತು. ಕೊನೆಗೆ ಉಳಿದದ್ದು ಕೆರೆ ಏರಿಯ ಹತ್ತಿರದ ಮಹದೇವಮ್ಮ. ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

"ಐತೆ ಕಣಪ್ಪ. ನಿನ್ನೆಂಡ್ತಿ ಕೊಟ್ಟಿದ್ದೇಯ. ಹದಿನೈದು ವರ್ಸದಿಂದ ಅದೇ ಮೊಸರು ಉಣ್ತಾ ಇವ್ನಿ."

ಹೋದ ಜೀವ ಬಂದಂತಾಯಿತು. ಮೀನಾಕ್ಷಿಯ ಮುಖ ನೆನೆದು ಕಣ್ಣು ಒದ್ದೆಯಾಯಿತು. ಆ ಸಂತೋಷದಲ್ಲಿ ಪಕ್ಕದಲ್ಲೇ ಕುಸಿದು, ಒಳ್ಳೆಯ ಬ್ಯಾಕ್ಟೀರಿಯಾ ಮಂಡಿಯನ್ನು ಹೇಗೆ ವಾಸಿಮಾಡುತ್ತದೆಂದು ಅವರಿಗೆ ಸವಿಸ್ತಾರವಾಗಿ ಉಪನ್ಯಾಸ ಕೊಟ್ಟೆ.

ಮಹದೇವಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

"ಒಳಗೋಗಿ ನೀನೇ ಹಾಕ್ಕೊಳಪ್ಪ. ನಂಗೆ ಮಂಡಿ ನೋವು, ಎದ್ದೇಳಕ್ಕಾಗಾಕಿಲ್ಲ."